ಚಕ್ರಕ್ಕೊಂದು ಕಲ್ಲು

ಹಳೆಯ ಕಾರಿನ ಹಿಂದಿನ ಡ್ರಮ್ ಬ್ರೇಕ್ ತೆಗೆದು ಹೊಸ ಮಾದರಿಯ ಡಿಸ್ಕ್ ಬ್ರೇಕ್ ಹಾಕಿಕೊಡು ಎಂದು ವಲೇರಿಯನ್ ಹೇಳಿದ್ದೇ ತಡ, ಮೆಕ್ಯಾನಿಕ್ ಮೋನಪ್ಪನಿಗೆ ರೇಗಿಹೋಯಿತು. ಅಂಥ ಕಾರಿನ ಅಸಲಿ ಭಾಗ ಕಳಚುವುದೆಂದರೆ ಅವನಿಗೆ ಗಟ್ಟಿ ಹಲ್ಲು ಕಿತ್ತಂತೆ.

“ಈ ಪ್ರಾಯದಲ್ಲಿ ರೇಸಿಗೆ ಹೋಗ್ಲಿಕ್ಕುಂಟಾ ನಿಮಗೆ?”

“ರೇಸ್ ಎಂಥದ್ದು ಮಾರಾಯಾ! ನಮ್ಮ ಮನೆ ಇರುವುದು ಏರಿನಲ್ಲಿ. ಹ್ಯಾಂಡ್‌ಬ್ರೇಕ್ ಎಳೆದ್ರೂ, ಗೇರ್ ಹಾಕಿದ್ರೂ ಗಾಡಿ ಹಿಂದಕ್ಕೆ ಜಾರ್ತದೆ. ಡಿಸ್ಕ್ ಹಾಕಿದ್ರೆ ನಿಲ್ತದೇನೋ ಅಂತ.”

“ಅದು ಇವತ್ತು ಶುರುವಾದದ್ದಾ?”

“ಅಲ್ಲ. ಮೊದಲಿಂದಲೂ ಹಾಗೆಯೇ.”

“ಮತ್ತೆ ಇಷ್ಟು ವರ್ಷ ಎಂತ ಮಾಡ್ತಿದ್ರಿ?”

“ಚಕ್ರಕ್ಕೆ ಕಲ್ಲು ಕೊಡ್ತಿದ್ದೆವು.”

ಮೋನಪ್ಪ ಕಾರಿನೊಳಗೆ ಬಗ್ಗಿ ನೋಡಿದ. ಎಡಗಡೆಯ ಸೀಟಿನ ಕೆಳಗೆ ಕಲ್ಲು ಇನ್ನೂ ಇತ್ತು. ಹಿಡಿದು ಹಿಡಿದು ಅದರ ಒಂದು ಮೈ ನುಣುಪಾಗಿತ್ತು. ಅದನ್ನು ಎತ್ತಿ ವಲೇರಿಯನ್ನನ ಮುಖದ ಮುಂದೆ ಹಿಡಿದ.

“ಇಷ್ಟು ಚಂದದ ಕಲ್ಲು ಇರುವಾಗ ಡಿಸ್ಕ್ ಯಾಕೆ? ಸುಮ್ಮನೆ ಗಾಡಿ ಹಾಳು ಮಾಡ್ಬೇಡಿ. ಮೊದಲಿನ ಹಾಗೆ ಇದನ್ನೇ ಇಡಿ.”

ವಲೇರಿಯನ್ ಅವನ ಕೈಯಿಂದ ಕಲ್ಲನ್ನು ತೆಗೆದುಕೊಂಡು, ಮೆಲ್ಲನೆ ಮತ್ತೆ ಅದೇ ಸೀಟಿನ ಕೆಳಗಿಟ್ಟ.

“ನಾನು ಬ್ರೇಕಿನಿಂದ ಕಾಲು ತೆಗೆದ್ರೆ ಗಾಡಿ ಜಾರ್ತದೆ, ಮೋನಪ್ಪ. ಇಳಿದು ಕಲ್ಲು ಇಡ್ತಿದ್ದವಳು ಈಗ ಇಲ್ಲ.”