ಬಾಗಿಲು ಸದ್ದಾಗದಂತೆ

ಐಲ್ಸಾ ಬೇಸ್ ಗಿಟಾರಿಗೆ ಹೊಸ ತಂತಿ ಬಿಗಿಯುತ್ತಿದ್ದಾಗ, ಗೋಡೆಯಾಚೆಯ ವೇದಿಕೆಯಲ್ಲಿ ಗಂಡ ಡೂಗಲ್ ಮತ್ತೆ ಅದೇ ಸಾಲು ಎತ್ತಿಕೊಂಡ. 'ನಗುತ್ತ ಚಹಾ ಬಗ್ಗಿಸಿದೆ ನೀನು, ಮನಸ್ಸಿನಲ್ಲಾಗಲೇ ಮನೆ ಬಿಟ್ಟಿದ್ದೆ ನೀನು.' ಮೈಕು ಸರಿಯಿದೆಯೇ ಎಂದು ನೋಡಲು ಬೇರೆ ಹಾಡುಗಳಿಗೇನೂ ಬರವಿರಲಿಲ್ಲ. ಆದರೆ ಕೆಳಗೆ, ಖಾಲಿ ಕುರ್ಚಿಗಳ ನಡುವೆ, ಅವನ ತಮ್ಮ ಲಾಕ್ಲನ್ ಸರದಿಗಾಗಿ ಕಾಯುತ್ತಿದ್ದ.

ಎರಡು ವರ್ಷದ ಹಿಂದೆ ಲಾಕ್ಲನ್ ಅಣ್ಣನ 'ಪೇಪರ್ ಫೆರಿ' ತಂಡ ಬಿಟ್ಟು, ಜೊತೆಗೆ ಡ್ರಮ್ಮಿನವನನ್ನೂ ಎಳೆದುಕೊಂಡು ಹೋಗಿ ಸ್ವಂತ ತಂಡ ಕಟ್ಟಿದ್ದ. ಅದೇ ಬೇಸಿಗೆಯಲ್ಲಿ ಈ ಹಾಡು ಬಂತು. ಹೇಳದೆ ಕೇಳದೆ ಹೊರಟುಹೋಗುವ ಹೇಡಿಯ ಹಾಡು. ಲಾಕ್ಲನ್ ಸುಮ್ಮನಿರಲಿಲ್ಲ, ತಮ್ಮನ ತಟ್ಟೆಗೆ ಕೈಹಾಕುವ ಅಣ್ಣನ ಮೇಲೆ ತಾನೂ ಒಂದು ಹಾಡು ಬಿಟ್ಟ. ಗ್ಲಾಸ್ಗೋದ ಪಬ್ಬುಗಳಲ್ಲಿ ಎರಡೂ ಕಡೆಯ ಅಭಿಮಾನಿಗಳು ಬಿಯರ್ ಎರಚಾಡಿದರು. ಪೇಸ್ಲಿಯಲ್ಲಿರುವ ಇವರ ತಾಯಿ ಕ್ರಿಸ್‌ಮಸ್ ಊಟವನ್ನು ಮಧ್ಯಾಹ್ನ ಒಬ್ಬನಿಗೆ, ಸಂಜೆ ಇನ್ನೊಬ್ಬನಿಗೆ ಬಡಿಸಿದಳು. ತನ್ನ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಇಬ್ಬರೂ ಒಂದೇ ವೇದಿಕೆ ಹತ್ತಬೇಕೆಂದು ಆಕೆ ಹಠ ಹಿಡಿದದ್ದರಿಂದಲೇ ಇವತ್ತಿನ ಈ ಕಾರ್ಯಕ್ರಮ.

ಡೂಗಲ್ ಹಾಡುವ ಆ ಹಾಡನ್ನು ಬರೆದವಳು ಐಲ್ಸಾ. ಯಾರ ಮೇಲೆ ಬರೆದದ್ದೆಂದು ಬರೆದವರನ್ನು ಕೇಳಬಾರದು. ಅದು ಮೊದಲ ದಿನದಿಂದಲೂ ತಂಡದ ಕಟ್ಟಳೆ. ಡೂಗಲ್ ಕೇಳಿರಲಿಲ್ಲ. ಓದಿದವನೇ ಅವಳನ್ನು ಅಪ್ಪಿಕೊಂಡು, ನನ್ನ ಹೊಟ್ಟೆಯುರಿಯನ್ನೆಲ್ಲ ನೀನು ಬರೆದುಬಿಟ್ಟೆ ಎಂದಿದ್ದ.

ಲಾಕ್ಲನ್ ಬಾಗಿಲಲ್ಲಿ ಇಣುಕಿದ.

"ನೀನು ಬೇಸ್ ತಂತಿ ಬದಲಾಯಿಸೋದನ್ನ ಇವತ್ತೇ ನೋಡ್ತಿರೋದು. ಏನ್ ವಿಶೇಷ?"

"ಹಳೇದು ಸಾಕಾಗಿತ್ತು."

ಅವನು ಒಳಗೆ ಬಂದು ಬಾಗಿಲು ಮುಂದಕ್ಕೆ ತಳ್ಳಿದ. "ಕಟ್ಟಳೆ ನಂಗೂ ಗೊತ್ತು. ಆದ್ರೂ ಕೇಳ್ತೀನಿ. ನಾನು ಹೋಗೋವಾಗ ನಕ್ಕಿದ್ನಾ? ಕೂಗಾಡಿದ್ದೆ. ಕೆಟಲ್ ಒಡೆದಿದ್ದೆ. ನಾನು ಬಾಗಿಲು ಬಡಿದ ಸದ್ದಿಗೆ ಕೆಳಗಿನ ಮನೆಯವ್ರು ಪೊಲೀಸರನ್ನ ಕರೆಸಿದ್ರು. ಬೈಯೋದಾದ್ರೆ ಮಾಡಿದ್ದಕ್ಕೆ ಬೈಯಿ ಮಾರಾಯ್ತಿ, ಮಾಡದೇ ಇರೋದಕ್ಕಲ್ಲ."

ಅವಳು ಬರುತ್ತಿದ್ದ ನಗುವನ್ನು ತಡೆದಳು. "ಅದು ನಿನ್ನ ಮೇಲೆ ಬರೆದಿದ್ದಲ್ಲ."

"ಹಾಗಾದ್ರೆ ಅವನಿಗೆ ಹೇಳು. ಎರಡು ವರ್ಷ ಆಯ್ತು ನಾವು ಮಾತಾಡಿ."

"ಹೇಳ್ತೀನಿ. ನಿಮ್ಮಮ್ಮನ ಹುಟ್ಟುಹಬ್ಬ ಒಂದು ಮುಗೀಲಿ."

ಅವನು ನಂಬಲಿಲ್ಲ. ಅಣ್ಣನಿಗೆ ತಕ್ಕ ಹೆಂಡತಿ ಎಂದು ಗೊಣಗುತ್ತಾ ಹೊರಟುಹೋದ. ಐಲ್ಸಾಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದಳು, ಕಿಟಕಿಯ ತನಕ ಹೋದಳು, ಮತ್ತೆ ಬಂದು ತಂತಿ ಹಿಡಿದಳು.

ಡೂಗಲ್ ಬೆವರು ಒರೆಸುತ್ತ ಬಂದ. ಅವಳು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ, ಅವನಿಗೆ ಬೇಕಾದಷ್ಟು ಹಾಲು ಬೆರೆಸಿ, ನಗುತ್ತ ಕೈಗಿತ್ತಳು.

"ಅವನ ಮುಖ ನೋಡ್ಬೇಕಿತ್ತು ನೀನು," ಅಂದ ಡೂಗಲ್. "ಸರಿಯಾಗಿ ಚುಚ್ಚಿತು ಕಣೆ. ಸಾಯೋ ತನಕ ಇದನ್ನೇ ಹಾಡ್ತೀನಿ."

"ಹಾಡು. ನಿನ್ನ ಬಾಯಲ್ಲೇ ಅದು ಒಪ್ಪೋದು."

ಅವನು ಖುಷಿಯಿಂದ ವೇದಿಕೆಗೆ ಮರಳಿದ. ಐಲ್ಸಾ ಕೊನೆಯ ತಂತಿಯನ್ನು ಶ್ರುತಿಗೆ ತಂದಳು. ಅಣ್ಣತಮ್ಮಂದಿರನ್ನು ಒಂದು ಮಾಡಲು ಮಾತಿನ ಅಗತ್ಯವೇ ಇಲ್ಲವೆಂದು ಅವಳಿಗೆ ಆಗ ಹೊಳೆಯಿತು.

ನಾಳೆ ಡೂಗಲ್ ಏಳುವ ಮೊದಲೇ ಅವಳು ಹೊರಟುಬಿಟ್ಟಿದ್ದರೆ, ಎರಡು ವರ್ಷದಿಂದ ತಾನು ಯಾರ ಹಾಡು ಹಾಡುತ್ತಿದ್ದೇನೆಂದು ಅವನಿಗೇ ತಿಳಿಯುತ್ತದೆ.