ಪಟ್ಟಿ ಬಿಚ್ಚಿದ ಕೊರಳು

ಮಾತು ಬಾರದ ಮಕ್ಕಳ ಮನದಿಂಗಿತವನ್ನು ತಾನೇ ನುಡಿದುಬಿಡುವ ಕೊರಳಪಟ್ಟಿ ಬರುವುದಕ್ಕೂ ಮುಂಚೆ, ಧಾರವಾಡದ ಸರಯೂಬಾಯಿ ಒಂದು ಮಳೆಗಾಲವಿಡೀ ಉಯ್ಯಾಲೆಯ ಪಕ್ಕದಲ್ಲಿ ಕಾದು ನಿಂತು, ಎಲ್ಲರೂ ಕೈಬಿಟ್ಟಿದ್ದ ಹುಡುಗಿಯೊಬ್ಬಳ ಬಾಯಿಂದ ‘ತೂಗು’ ಎಂಬ ಮಾತು ಹೊರಡಿಸಿದ್ದರು. ಆ ಕಥೆಯನ್ನೇ ಈಗ, ಇನ್ನೂ ಮಾತಾಡದ ಪುಟ್ಟ ಚಿದಂಬರನಿಗೆ ಹೇಳಿ ಮುಗಿಸಿ, ಅವರು ಅವನೆದುರು ಕಾದು ಕುಳಿತರು.

ಇಂದು ಅವನು ತಾನಾಗಿ ಬಾಯಿಬಿಟ್ಟು ಏನನ್ನೂ ಕೇಳದಿದ್ದರೆ, ನಾಳೆ ಮಕ್ಕಳ ಇಲಾಖೆಯವರು ಪಟ್ಟಿಯನ್ನು ಅವನ ಕೊರಳಿಗೆ ಶಾಶ್ವತವಾಗಿ ಬೆಸೆಯುವವರಿದ್ದರು. ಅವನ ಕೊರಳಿಂದ ಬಿಚ್ಚಿದ ಪಟ್ಟಿ, ಮಕ್ಕಳ ಬಾಯಿಂದಲೇ ಮಾತು ಹೊರಡಿಸುವ ಈ ಕಸುಬು ಕಲಿಯಲು ಬಂದಿದ್ದ ಮುಕ್ತಾಳ ಮಡಿಲಲ್ಲಿತ್ತು. ಹುಡುಗ ಚಾಪೆಯ ಕಡ್ಡಿ ಕೀಳುತ್ತ ಹಿಂದೆ ಮುಂದೆ ವಾಲತೊಡಗಿದ. ಕೊರಳ ನರ ಉಬ್ಬಿತು. ಮುಕ್ತಾಳ ಕೈ ಅರಿವಿಲ್ಲದೆ ಪಟ್ಟಿಯನ್ನೆತ್ತಿತು.

“ಕೆಳಗಿಡು,” ಎಂದರು ಸರಯೂಬಾಯಿ, ಅವಳತ್ತ ನೋಡದೆಯೇ.

“ಬಾಯಾರ, ಕೂಸು ಒದ್ದಾಡಾಕತ್ತೈತಿ. ನನಗ ನೋಡಾಕ ಆಗವಲ್ದು.”

“ನೋಡೂದ ನಮ್ಮ ಕಸುಬು. ಇಷ್ಟಕ್ಕ ಕರಗೂದಿದ್ರ ಹೋಗಿ ಪಟ್ಟಿ ಅಂಗಡಿ ಇಡು.”

ಮುಕ್ತಾ ಪಟ್ಟಿಯನ್ನು ಕೆಳಗಿಟ್ಟು, ಎರಡೂ ಕೈಗಳನ್ನು ತೊಡೆಯಡಿ ಅದುಮಿಕೊಂಡಳು.

ವಾಲುವುದು ನಿಂತಿತು. ಹುಡುಗ ಸರಯೂಬಾಯಿಯ ಗಲ್ಲ ಹಿಡಿದು ತನ್ನತ್ತ ತಿರುಗಿಸಿಕೊಂಡ. ಬಂದದ್ದು ಪಟ್ಟಿಯ ಸಕ್ಕರೆ ದನಿಯಲ್ಲ. ತುಕ್ಕು ಹಿಡಿದ ಅಗುಳಿ ಸರಿದಂಥ, ಅವನದೇ ದನಿ.

“ಇನ್ನೊಮ್ಮಿ... ಹೇಳು.”