ಕೇಳದೆ ಬಿಟ್ಟ ಒಂಬತ್ತನೆಯ ಪ್ರಶ್ನೆ

"ಒಂಬತ್ತು ಪ್ರಶ್ನೆ ಇದೆ ಅಂದವಳು ಎಂಟಕ್ಕೇ ಮುಗಿಸಿಬಿಟ್ಟೆಯಲ್ಲ, ಮಗಳೇ?" ಎಂದ ಕ್ಷೌರದಂಗಡಿಯ ಮಾವ. ನರ್ಸಮ್ಮನ ಪೆನ್ನು ಅಷ್ಟರಲ್ಲಾಗಲೇ ಕೊನೆಯ ಪ್ರಶ್ನೆಯ ಮುಂದೆ 'ಇಲ್ಲ' ಎಂದು ಬರೆದು ಮುಗಿಸಿತ್ತು.

ಬಿ.ಪಿ. ನೋಡಿಸಲು ಬಂದವರಿಗೆಲ್ಲ ಒಂಬತ್ತು ಪ್ರಶ್ನೆ ಕೇಳಿ ಮನಸ್ಸಿನ ಸ್ಥಿತಿಯನ್ನೂ ವಿಚಾರಿಸಬೇಕೆಂಬುದು ಆ ಸಣ್ಣ ಆಸ್ಪತ್ರೆಯ ನಿಯಮ. ಸಾಯಬೇಕೆನಿಸುತ್ತದೆಯೇ ಎಂಬ ಒಂಬತ್ತನೆಯದನ್ನು ಮಾತ್ರ ಅವಳು ತನ್ನವರನ್ನು ಕೇಳುತ್ತಿರಲಿಲ್ಲ. ಅಂಥ ಮಾತು ಬಾಯಲ್ಲಿ ಬರಬಾರದೆಂದು ದೇವರನ್ನು ನೆನೆದು, ತಾನೇ 'ಇಲ್ಲ' ಎಂದು ತುಂಬಿಬಿಡುತ್ತಿದ್ದಳು. ಅದರಲ್ಲೂ ಈ ಮಾವನ ನಾಲಿಗೆ ಅವನ ಕತ್ತರಿಗಿಂತ ಚುರುಕು. "ನಿದ್ದೆ ಬರುತ್ತಾ ಮಾವ?" ಎಂದರೆ, "ಬರುತ್ತಮ್ಮ, ನನಗಲ್ಲ, ನನ್ನ ಕುರ್ಚಿಯಲ್ಲಿ ಕೂತವರಿಗೆ" ಎಂದು ಹೊರಗೆ ಕಾದಿದ್ದವರನ್ನೆಲ್ಲ ನಗಿಸಿದ್ದ.

"ಅದನ್ನೂ ಕೇಳ್ತಾರೆ ಅಂತ ಗಿರಾಕಿಯೊಬ್ಬ ಹೇಳಿದ್ದ. ಅದಕ್ಕೇ ಬಂದೆ ಕಣಮ್ಮ. ನಾನಾಗಿ ಹೇಳೋಕೆ ಬಾಯಿ ಬರಲಿಲ್ಲ." ಮಾವ ಜೇಬಿನಿಂದ ಬಟ್ಟೆ ಸುತ್ತಿದ ಕ್ಷೌರಕತ್ತಿಯನ್ನು ತೆಗೆದು ಅವಳ ಹಾಳೆಯ ಮೇಲಿಟ್ಟ. "ಇದು ನಿನ್ನ ಹತ್ತಿರವೇ ಇರಲಿ."

ಹೊರಗಿನ ನಗು ಇನ್ನೂ ನಿಂತಿರಲಿಲ್ಲ. ಕತ್ತಿಯನ್ನು ಮೇಜಿನ ಖಾನೆಗೆ ಹಾಕಿ ಬೀಗ ತಿರುಗಿಸಿ, ಡಾಕ್ಟರನ್ನು ಕೂಗಿ ಕರೆದು, ಮಾವನ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಳು. ಹಿಡಿದ ಹಾಗೆಯೇ ಅವಳ ಕಣ್ಣು ಬೆಳಿಗ್ಗೆಯಿಂದ ತುಂಬಿಟ್ಟ ಹಾಳೆಗಳ ಕಟ್ಟಿನ ಮೇಲೆ ಬಿತ್ತು. ಎಲ್ಲಕ್ಕಿಂತ ಮೇಲಿದ್ದದ್ದು ಅವಳ ಸ್ವಂತ ಅಣ್ಣನದು. ಅವನನ್ನೂ ಅವಳು ಎಂಟೇ ಕೇಳಿದ್ದಳು.